ಹೊಂಗೆ ಮರಕ್ಕೆ ಕಟ್ಟಿದ ಕಪ್ಪು ಪಟ್ಟಿ

ಅರಣ್ಯ ಉದ್ಯಾನದ ಹೊಣೆ ಹೊತ್ತ ಮಾನ್ಯ ಅಧಿಕಾರಿಗಳೇ,

ತಮ್ಮ ಕಚೇರಿಯ ನೋಟಿಸು ಕೈಸೇರಿತು. ಉದ್ಯಾನದ ಸೈಕಲ್ ಹಾದಿಯಲ್ಲಿರುವ ಹೊಂಗೆ ಮರಕ್ಕೆ ನಾನು ಪದೇ ಪದೇ ಕಪ್ಪು ರಬ್ಬರ್ ಪಟ್ಟಿ ಕಟ್ಟಿ ಕಾಡಿನ ಅಂದ ಕೆಡಿಸುತ್ತಿದ್ದೇನಂತೆ. ನನ್ನ ಮೇಲೆ ಯಾಕೆ ಕ್ರಮ ಕೈಗೊಳ್ಳಬಾರದು ಎಂದು ವಿವರಣೆ ಕೇಳಿದ್ದೀರಿ. ವಿವರಣೆಯನ್ನು ಪತ್ರಿಕೆಯ ಮೂಲಕ ಕೊಡುತ್ತಿದ್ದೇನೆ, ಬೇಸರಪಡಬೇಡಿ. ನನ್ನ ಗಂಡ ಬಿದ್ದು ಸತ್ತ ಗುಂಡಿಯನ್ನು ಮುಚ್ಚಿಸಿ ಎಂದು ಕೊಟ್ಟ ಅರ್ಜಿಗಳೆಲ್ಲ ತಮ್ಮ ಟಪಾಲು ವಿಭಾಗ ಹೊಕ್ಕವು, ಮತ್ತೆ ಹೊರಗೆ ಬರಲಿಲ್ಲ. ಪತ್ರಿಕೆಯಾದರೆ ಬೆಳಿಗ್ಗೆ ಕಾಫಿ ಜೊತೆಗಾದರೂ ತಾವು ಓದುತ್ತೀರಿ ಎಂಬ ಆಸೆ.

ವಿದ್ಯಾರಣ್ಯಪುರಂ ದಾಟಿ ಹೋದರೆ ಸಿಗುವ ಆ ಕಾಡಿನಲ್ಲಿ ದಪ್ಪ ಟೈರಿನ ಸೈಕಲ್ಲುಗಳಿಗೆಂದು ಹಾದಿ ಮಾಡಿಸಿದ್ದು ತಾವೇ. ಟೇಪು ಕತ್ತರಿಸಿದ್ದು, ಹಸಿರು ಬಾವುಟ ಬೀಸಿದ್ದು, ಫೋಟೋದಲ್ಲಿ ನಗುತ್ತಾ ನಿಂತದ್ದೂ ತಾವೇ. ಅದೇ ಫೋಟೋದ ತುದಿಯಲ್ಲಿ ಹೆಲ್ಮೆಟ್ಟನ್ನು ಹಿಂದುಮುಂದಾಗಿ ಹಾಕಿಕೊಂಡು ನಿಂತಿರುವ ದಪ್ಪನೆಯ ಮನುಷ್ಯ ನನ್ನ ಯಜಮಾನರು, ಚಂದ್ರಮೌಳಿ. ಅವರು ಸತ್ತ ಮೇಲೆ ತಮ್ಮ ವರದಿ ಅವರನ್ನು 'ಅತಿಕ್ರಮ ಪ್ರವೇಶ ಮಾಡಿದ ಅಪರಿಚಿತ ವ್ಯಕ್ತಿ' ಎಂದು ಕರೆಯಿತು. ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡವರು ಇಷ್ಟು ಬೇಗ ಅಪರಿಚಿತರಾಗುತ್ತಾರೆಯೇ?

ಮಂಡಿ ಮೊಹಲ್ಲಾದಲ್ಲಿ ನಮ್ಮದು ಬೆಲ್ಲದ ಸಗಟು ಅಂಗಡಿ. ಬೆಲ್ಲ ಮಾರುವವರಿಗೇ ಸಕ್ಕರೆ ಕಾಯಿಲೆ ಬಂತು ಎಂದು ಇಡೀ ಬೀದಿ ನಕ್ಕಿತ್ತು. ದಿನಾ ನಡೆಯಿರಿ ಎಂದು ಡಾಕ್ಟರು ಹೇಳಿದರೆ ಇವರು ಹೋಗಿ ಸೈಕಲ್ಲು ತಂದರು. "ಈ ವಯಸ್ಸಲ್ಲಿ ಇದೇನ್ರೀ ಮಂಗಾಟ?" ಎಂದು ಬೈದೆ. "ಒಂದ್ಸಲ ಆ ಇಳಿಜಾರಲ್ಲಿ ಬ್ರೇಕ್ ಬುಟ್ಟು ನೋಡ್ಬೇಕು ಕಣೇ ಲೀಲಾ. ಅಂಗಡಿ, ಮೂಟೆ, ಮಾತ್ರೆ ಎಲ್ಲಾ ಹಿಂದೇನೇ ಉಳ್ಕೊಂಡ್ಬುಡ್ತವೆ" ಅಂದರು. ಅವರು ಅಷ್ಟು ಖುಷಿಯಾಗಿ ಮಾತಾಡಿದ್ದನ್ನು ಮದುವೆಯಾದಾಗಿನಿಂದ ನಾನು ಕೇಳಿರಲಿಲ್ಲ. ಆಮೇಲೆ ಬೈಯಲಿಲ್ಲ.

ಆ ಹಾದಿಯ ಸವಾರರಲ್ಲಿ ಒಂದು ಕಟ್ಟುಪಾಡಿದೆ. ತಮಗೆ ಗೊತ್ತಿರಲಾರದು, ಹೇಳುತ್ತೇನೆ. ಮರ ಬಿದ್ದಿರಲಿ, ಮಣ್ಣು ಕುಸಿದಿರಲಿ, ಅಪಾಯವನ್ನು ಮೊದಲು ಕಂಡವರು ಹಿಂದೆ ಬರುವವರಿಗಾಗಿ ಪಂಕ್ಚರಾದ ಹಳೇ ಟ್ಯೂಬಿನ ಒಂದು ತುಂಡನ್ನು ಸ್ವಲ್ಪ ಮುಂಚಿನ ಮರಕ್ಕೆ ಕಣ್ಣೆತ್ತರದಲ್ಲಿ ಕಟ್ಟಬೇಕು. ಅಪಾಯ ಹೋಯಿತೆಂದು ಕಣ್ಣಾರೆ ಕಂಡ ಮೇಲೆ, ಕಟ್ಟಿದವರೇ ಬಂದು ಬಿಚ್ಚಬೇಕು. ಬೇರೆ ಯಾರೂ ಮುಟ್ಟಕೂಡದು. ಪಟ್ಟಿ ಇದ್ದರೆ ನಿಧಾನ, ಇಲ್ಲದಿದ್ದರೆ ಹಾದಿ ಸಲೀಸು. ಯಾರೂ ಬರೆದಿಟ್ಟ ಕಾನೂನಲ್ಲ ಇದು, ಆದರೆ ಎಲ್ಲರೂ ಪಾಲಿಸುತ್ತಿದ್ದರು.

ಕಳೆದ ವರ್ಷ ತಮ್ಮವರು ಮಳೆನೀರು ಇಂಗಲೆಂದು ಹಾದಿಯ ತಿರುವಿನಲ್ಲೇ ಆಳುದ್ದದ ಗುಂಡಿ ತೋಡಿದರು. ಇಡೀ ಕಾಡು ಬಿಟ್ಟು ಹಾದಿಯ ಮೇಲೇ! ಅದನ್ನು ಮೊದಲು ಕಂಡವನು ಅಮರ್ ಎಂಬ ಹುಡುಗ. ಹೊಂಗೆ ಮರಕ್ಕೆ ಪಟ್ಟಿ ಕಟ್ಟಿದ. ಸವಾರರೆಲ್ಲ ತಮ್ಮ ಕಚೇರಿಗೆ ಬಂದರು, ನಮ್ಮವರೂ ಬಂದಿದ್ದರು. ಶಿವರಾತ್ರಿಯೊಳಗೆ ಮುಚ್ಚಿಸಿಕೊಡುತ್ತೇವೆ ಎಂದು ತಾವು ಮಾತು ಕೊಟ್ಟಿರಿ. ಚಹಾ ಕೂಡ ಕೊಟ್ಟರು ಕಣೇ ಎಂದು ಅವರು ಮನೆಗೆ ಬಂದು ಹೊಗಳಿದ್ದು ನನಗೆ ನೆನಪಿದೆ.

ಆಮೇಲೆ ಅವರಿಗೆ ಜ್ವರ ಬಂದು ಕೆಲವು ವಾರ ಸೈಕಲ್ಲು ಮುಟ್ಟಲಿಲ್ಲ. ಅದೇ ಸಮಯಕ್ಕೆ ಸ್ವಚ್ಛತೆಯ ಪರಿಶೀಲನೆಗೆ ಮೇಲಿನವರು ಬರುತ್ತಾರೆಂದು ಉದ್ಯಾನದಲ್ಲಿ ಸಡಗರವೋ ಸಡಗರ. ಸ್ವಚ್ಛ ಊರಿನವರಲ್ಲವೇ ನಾವು! ಚಾಕೊಲೇಟ್ ಕಾಗದ, ನೀರಿನ ಬಾಟಲಿಗಳ ಜೊತೆಗೆ ಮರಗಳ ಮೇಲಿದ್ದ ಟ್ಯೂಬಿನ ಪಟ್ಟಿಗಳನ್ನೂ ತಮ್ಮ ಆಳುಗಳು ಕಸವೆಂದು ಬಿಚ್ಚಿ ಹೊತ್ತೊಯ್ದರು. ಗುಂಡಿ ಮಾತ್ರ ಹಾಗೇ ಇತ್ತು, ಅದರ ಮೇಲೆ ತರಗೆಲೆ ತುಂಬಿತ್ತು. ಪರಿಶೀಲನೆಗೆ ಬಂದವರು ಮೆಚ್ಚಿಕೊಂಡು ಹೋದರಂತೆ.

ಶಿವರಾತ್ರಿ ಕಳೆದ ಮೇಲಿನ ಭಾನುವಾರ ಬೆಳಿಗ್ಗೆ ಇವರು ಕಾಡಿಗೆ ಹೋದರು. ಹಿಂದೆ ಬರುತ್ತಿದ್ದವಳು ನಮ್ಮ ಬೀದಿಯದೇ ಹುಡುಗಿ ರಕ್ಷಿತಾ. ಹೊಂಗೆ ಮರದ ಹತ್ತಿರ ಇವರು ತಿರುಗಿ ಕೂಗಿ ಹೇಳಿದ ಮಾತನ್ನು ಅವಳು ಅಳುತ್ತಾ ನನಗೆ ಒಪ್ಪಿಸಿದಳು. "ನೋಡಮ್ಮ, ಅಮರ್ ಪಟ್ಟಿ ಬಿಚ್ಚವ್ನೆ! ಗುಂಡಿ ಮುಚ್ಚುಸ್ಬುಟ್ಟವ್ರೆ. ಇಲಾಖೆಯವ್ರು ಮಾತು ಉಳುಸ್ಕೊಂಡ್ರು ಕಣಮ್ಮ!" ಅಂದು ಬ್ರೇಕು ಬಿಟ್ಟರು.

ಮಾನ್ಯರೇ, ನನ್ನ ಗಂಡನ ಬಾಯಿಂದ ಬಂದ ಕೊನೆಯ ಮಾತು ತಮ್ಮ ಹೊಗಳಿಕೆ. ನನ್ನ ಹೆಸರಲ್ಲ, ಶಿವನ ಹೆಸರೂ ಅಲ್ಲ. ಇದನ್ನು ನೆನೆದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತದೆ. ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದರು ಎನ್ನುತ್ತಾರೆ. ತಾವು ಅದನ್ನೂ ಹಾಕಲಿಲ್ಲ. ಗುಂಡಿ ಇವತ್ತಿಗೂ ಬಾಯಿ ತೆರೆದುಕೊಂಡೇ ಇದೆ, ಹುಡುಗರು ಇವತ್ತಿಗೂ ಅಲ್ಲಿ ಸೈಕಲ್ಲು ಹೊಡೆಯುತ್ತಿದ್ದಾರೆ.

ಇನ್ನು ತಮ್ಮ ನೋಟಿಸಿನ ವಿಷಯ. ಅದನ್ನು ತಂದುಕೊಟ್ಟವರು ಉದ್ಯಾನದ ಕಾವಲುಗಾರ ಮರಿಸ್ವಾಮಿ. ನೀರು ಕೊಟ್ಟರೆ ಕುಡಿಯದೆ ಲೋಟ ಹಿಡಿದುಕೊಂಡೇ ನಿಂತರು. "ಅಮ್ಮಾವ್ರೇ, ಸಾಹೇಬ್ರು ನೀವೇ ಕಟ್ತಿದ್ದೀರ ಅಂತಾರೆ. ನಾನೇ ಬಿಚ್ಚಿ ಸುಟ್ಟಾಕ್ತೀನಿ ಕಣ್ರೀ. ಮುಂದಿನ್ ಭಾನುವಾರ ನೋಡುದ್ರೆ ಅದೇ ಮರ, ಅದೇ ಎತ್ತರ, ಅದೇ ಗಂಟು. ಎಂಗೆ ಅಂತ ಕೇಳ್ಬೇಡಿ. ಈಗೀಗ ಅದನ್ನ ಮುಟ್ಟಕ್ಕೇ ಕೈ ಬರಲ್ಲ" ಅಂದರು.

ನಾನು ಅಮರನನ್ನು ಕೇಳಿದೆ. "ನಾನಲ್ಲ ಆಂಟಿ, ದೇವ್ರಾಣೆ. ಯಾರೂ ಅಲ್ಲ, ಎಲ್ಲರನ್ನೂ ಕೇಳಿದೀನಿ" ಅಂದ. ಆಮೇಲೆ, ಇಷ್ಟು ದಿನ ಆ ಕಡೆ ತಲೆ ಹಾಕದವಳು, ರಕ್ಷಿತಾಳ ಕೈ ಹಿಡಿದುಕೊಂಡು ಆ ಮರದ ಹತ್ತಿರ ಹೋದೆ. ಪಟ್ಟಿ ಇತ್ತು. ಎರಡು ಸುತ್ತು, ಒಂದು ಕುಣಿಕೆ, ತುದಿ ಎಡಕ್ಕೆ ಇಳಿಬಿದ್ದಿತ್ತು. ನಮ್ಮ ಅಂಗಡಿಯಲ್ಲಿ ಬೆಲ್ಲದ ಮೂಟೆಗೆ ಹಾಕುವ ಗಂಟು ಅದು. ಆಳುಗಳೆಲ್ಲ ತುದಿಯನ್ನು ಬಲಕ್ಕೆ ಬಿಡುತ್ತಾರೆ. ಎಡಕ್ಕೆ ಬಿಡುತ್ತಿದ್ದವರು ನಮ್ಮ ಯಜಮಾನರೊಬ್ಬರೇ, ಅವರು ಎಡಚರು.

ನಾನು ಅಲ್ಲೇ ಕುಕ್ಕರಿಸಿದೆ. ದೆವ್ವ, ಪೀಡೆ ಅಂತ ನಂಬುವ ಹೆಂಗಸಲ್ಲ ನಾನು. ಆದರೆ ನಮ್ಮ ಮನೆಯ ನಡುವಂಕಣದಲ್ಲಿ ನಿಲ್ಲಿಸಿರುವ ಅವರ ಸೈಕಲ್ಲಿನ ಹಿಂಚಕ್ರ ಭಾನುವಾರ ಬೆಳಗಿನ ಹೊತ್ತು ಟಿಕ್ ಟಿಕ್ ಎಂದು ತಿರುಗುವ ಸದ್ದು ನನಗೆ ಕೇಳಿಸುತ್ತದೆ. ಎದ್ದು ಹೋಗಿ ನೋಡಿದರೆ ಚಕ್ರ ನಿಂತಿರುತ್ತದೆ. ಗಾಳಿ ಇರಬೇಕು ಎನ್ನುತ್ತಾಳೆ ರಕ್ಷಿತಾ. ಇರಬಹುದು, ಆ ಹೊತ್ತಿಗೆ ಕಿಟಕಿಗಳೆಲ್ಲ ಮುಚ್ಚಿರುತ್ತವೆ ಅಷ್ಟೆ. ಬಾಗಿಲ ಹಿಂದಿನ ಮೊಳೆಯಲ್ಲಿ ಅವರ ಹಳೇ ಟ್ಯೂಬು ತೂಗುತ್ತಿದೆ. ನಾನು ಕತ್ತರಿಸಿಲ್ಲ. ಅನುಮಾನವಿದ್ದರೆ ಯಾರನ್ನಾದರೂ ಕಳಿಸಿ ನೋಡಿಸಿಕೊಳ್ಳಿ.

ಆದ್ದರಿಂದ ತಾವು ಕೇಳಿದ ವಿವರಣೆ ಇಷ್ಟು. ಪಟ್ಟಿ ಕಟ್ಟುತ್ತಿರುವುದು ನಾನಲ್ಲ. ಕ್ರಮ ಕೈಗೊಳ್ಳಲೇಬೇಕೆಂದಿದ್ದರೆ ನೋಟಿಸನ್ನು ನನ್ನ ಯಜಮಾನರ ಹೆಸರಿಗೆ ಕಳಿಸಿ. ವಿಳಾಸ ತಮ್ಮಲ್ಲೇ ಇದೆ, ತಮ್ಮದೇ ಗುಂಡಿ. ಮರಿಸ್ವಾಮಿಯವರ ಕೈಯಲ್ಲಿ ಕಳಿಸಬೇಡಿ, ಅವರು ಈಗಾಗಲೇ ಹೆದರಿದ್ದಾರೆ. ತಾವೇ ಒಂದು ಭಾನುವಾರ ಬೆಳಿಗ್ಗೆ ಬಂದು ಕೊಡಿ.

ಪರಿಹಾರ ಕೇಳುತ್ತಿಲ್ಲ. ಹಾದಿ ಮುಚ್ಚಿ ಎಂದೂ ಕೇಳುತ್ತಿಲ್ಲ. ಅದು ಅವರು ಕೊನೆಗಾಲದಲ್ಲಿ ಕಂಡ ಸುಖ, ಅದನ್ನು ಬೇರೆಯವರಿಂದ ಕಿತ್ತುಕೊಳ್ಳುವಷ್ಟು ಕೆಟ್ಟವಳಲ್ಲ ನಾನು. ಆ ಗುಂಡಿ ಮುಚ್ಚಿಸಿ. ಅಲ್ಲಿಯವರೆಗೆ ಆ ಪಟ್ಟಿಯನ್ನು ಯಾರೂ ಮುಟ್ಟದಂತೆ ನೋಡಿಕೊಳ್ಳಿ.

ಗುಂಡಿ ಮುಚ್ಚಿದ ಮೇಲೂ ಪಟ್ಟಿ ಬಿಚ್ಚಲು ಆಳು ಕಳಿಸಬೇಡಿ. ಕಟ್ಟಿದವರೇ ಬಂದು ಬಿಚ್ಚಬೇಕು. ಅವರು ಬಿಚ್ಚಿಕೊಂಡು ಹೊರಡಲಿ, ಪಾಪ, ಎಷ್ಟು ಭಾನುವಾರ ಅಂತ ಅಲ್ಲೇ ಕಾಯುತ್ತಾರೆ?

ಇಂತಿ,
ಆ ಪಟ್ಟಿಯನ್ನು ಕಟ್ಟಿರದ, ಬಿಚ್ಚುವ ಹಕ್ಕೂ ಇಲ್ಲದ
ಪ್ರೇಮಲೀಲಾ
ಕೃಷ್ಣಮೂರ್ತಿಪುರಂ, ಮೈಸೂರು