ಖಳನಿಗಾಗಿ ಅತ್ತದ್ದು

ಗುರುವಾರ, ಮಾರ್ಚ್ ೧೪

ಹತ್ತು ದಿನದಿಂದ ನೋಡುತ್ತಿದ್ದ ವೆಬ್ ಸೀರೀಸ್ ಇವತ್ತು ಮುಗಿಯಿತು. ಕೊನೆಗೆ ಆ ಖಳನಾಯಕ ಯಾರೂ ಇಲ್ಲದೆ ಒಬ್ಬನೇ ಸತ್ತ. ನಾನು ಬಿಕ್ಕಿ ಬಿಕ್ಕಿ ಅತ್ತೆ.

"ಆರು ಕೊಲೆ ಮಾಡಿದವನಿಗೋಸ್ಕರ ಅಳ್ತೀಯಲ್ಲೇ!" ಎಂದು ನಮ್ಮವರು ನಕ್ಕರು.

"ಅವನ ಕಷ್ಟ ನಿಮಗೇನ್ರೀ ಗೊತ್ತು?" ಎಂದು ರೇಗಿಬಿಟ್ಟೆ.

ಹಾಗೆ ಅಂದಾಗಿನಿಂದ ನಿದ್ದೆ ಬಾರದೆ ಹೊರಳಾಡುತ್ತಿದ್ದೇನೆ. ಬೆಳಿಗ್ಗೆ ಕೋರ್ಟಿನಲ್ಲಿ ಒಬ್ಬನಿಗೆ ಜೀವಾವಧಿ ಶಿಕ್ಷೆಯಾಯಿತು. ತೀರ್ಪು ಟೈಪ್ ಮಾಡಿದವಳು ನಾನೇ. ತಲೆ ಎತ್ತಿ ಅವನ ಮುಖವನ್ನೂ ನೋಡಲಿಲ್ಲ. ಹೊರಗೆ ಅವನ ತಾಯಿ ನನ್ನ ಕೈ ಹಿಡಿದುಕೊಂಡಳು.

"ಸಾಹೇಬ್ರು ಏನಂದ್ರಮ್ಮಾ? ಮಗನ್ನ ಯಾವಾಗ ಬಿಡ್ತಾರೆ?"

"ನಿಮ್ಮ ವಕೀಲರನ್ನ ಕೇಳಿ" ಎಂದು ಕೈ ಬಿಡಿಸಿಕೊಂಡು ಊಟಕ್ಕೆ ಹೋದೆ.

ವಕೀಲರು ಆಗಲೇ ಹೊರಟುಹೋಗಿದ್ದರು. ಅದು ನನಗೆ ಗೊತ್ತಿತ್ತು.