ಬಾಗಿಲ ಹಿಂದಿನ ಉಪ್ಪಿನ ಗಂಟು

ಪಾಲಿಬೆಟ್ಟ
೧೮ ಜುಲೈ ೧೯೫೯

ಪ್ರೀತಿಯ ತಮ್ಮ ಪೂವಯ್ಯನಿಗೆ,

ಅಂಬಾಲದ ಸೆಖೆಯಲ್ಲಿ ನಿನಗೂ ತಂಗಮ್ಮನಿಗೂ ಆರೋಗ್ಯ ಹೇಗಿದೆ? ನಿನ್ನ ಮೊಣಕಾಲು ನೋವು ಇಳಿಯಿತೇ? ನಿಮ್ಮ ಕಮಲ ಇಲ್ಲಿ ಸೌಖ್ಯ. ಲೆಕ್ಕದಲ್ಲಿ ಮುಂದಿದ್ದಾಳೆ. ಸಂಜೆ ನಾನು ಕವಿತೆ ಓದುತ್ತಿದ್ದರೆ ಪಕ್ಕದಲ್ಲೇ ಕೂತು ತೂಕಡಿಸುತ್ತಾಳೆ. ಆದರೂ ಈಚೆಗೆ ಅವಳ ಮುಖ ನೋಡಿದಾಗಲೆಲ್ಲ ನನಗೆ ಏನೋ ಶಂಕೆ.

ನಮ್ಮ ತೋಟದ ಕೂಲಿಯವರ ಲೈನಿನಲ್ಲಿರುವ ಕುಟ್ಟಪ್ಪನ ಮಗಳು ಚೋಮಿಯನ್ನು ಈ ವರ್ಷ ನಾನೇ ಹಟ ಹಿಡಿದು ನನ್ನ ಶಾಲೆಗೆ, ಕಮಲನ ತರಗತಿಗೇ ಸೇರಿಸಿದ್ದೆ. ಮಳೆ ಹಿಡಿದಾಗಿನಿಂದ ಯಾರೋ ಅವಳ ಚೀಲದೊಳಗೆ, ಕುತ್ತಿಗೆಯ ಹಿಂದೆ ಜಿಗಣೆ ಬಿಡುತ್ತಿದ್ದರು. ಹುಡುಗಿ ಕೂಗುತ್ತಿರಲಿಲ್ಲ. ರಕ್ತ ಇಳಿಯುತ್ತಿದ್ದರೂ ಪುಸ್ತಕವನ್ನೇ ನೋಡುತ್ತ ಕೂರುತ್ತಿದ್ದಳು. ಕೇಳಿದರೆ, "ತೋಟದಲ್ಲಿ ಹತ್ತಿರ್ಬೇಕು ಟೀಚರ್." ಹಿಂದಿನ ಬೆಂಚಿನ ಹುಡುಗರ ಮೇಲೆ ನನ್ನ ಕಣ್ಣಿತ್ತು. ಒಂದು ದಿನ ಪಾಠ ಬದಿಗಿಟ್ಟು, ಯಾರಾದರೂ ಕಾಡಿದರೆ ತಮಗೆ ಹೇಗಾಗುತ್ತದೆಂದು ಮಕ್ಕಳ ಬಾಯಿಂದಲೇ ಹೇಳಿಸಿದೆ. ಎಲ್ಲರಿಂದ ಗೊಣ್ಣೆಮೂಗ ಅನ್ನಿಸಿಕೊಂಡ ಹುಡುಗ ಎದ್ದು ಹೇಳುವಾಗ ಉಳಿದವರು ಮೊದಲು ನಕ್ಕರು, ಆಮೇಲೆ ತಲೆ ತಗ್ಗಿಸಿದರು. ಚೋಮಿ ಮಾತ್ರ ಏಳಲಿಲ್ಲ. ಆಗ ಕಮಲ, "ತಮಾಷೆಗೆ ಮಾಡಿರೂ ತಪ್ಪಾ?" ಎಂದಳು. ಆ ಪ್ರಶ್ನೆ ನನ್ನೊಳಗೆ ಉಳಿಯಿತು.

ತೋಟದ ದಾರಿಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೆ ಕೋಲಿನ ತುದಿಗೆ ಉಪ್ಪಿನ ಗಂಟು ಕಟ್ಟಿಕೊಡುವುದು ನಿನಗೆ ಗೊತ್ತೇ ಇದೆ. ಮುಟ್ಟಿಸಿದರೆ ಸಾಕು, ಜಿಗಣೆ ಮುದುಡಿ ಬೀಳುತ್ತದೆ. ಒಂದು ದಿನ ಕಮಲ ಶಾಲೆಗೆ ಹೊರಟ ಮೇಲೂ ಅವಳದು ಬಾಗಿಲ ಹಿಂದೆಯೇ ನೇತಾಡುತ್ತಿತ್ತು. "ಮರ್ತ್‌ಹೋತ್ ಅತ್ತೆ" ಎಂದಳು. ಮರುದಿನವೂ ಅಲ್ಲೇ ಇತ್ತು. ನಮ್ಮೂರ ಮಕ್ಕಳು ಬುತ್ತಿ ಮರೆತಾರು, ಮಳೆಗಾಲದಲ್ಲಿ ಉಪ್ಪು ಮರೆಯುವುದುಂಟೇ? ಜಿಗಣೆಯನ್ನು ಜೀವಂತ ಒಯ್ಯುವವರಿಗೆ ಮಾತ್ರ ಉಪ್ಪು ಜೊತೆಗಿರಬಾರದು. ಅವಳ ಚೀಲ ತೆರೆದೆ. ಖಾಲಿ ಪೌಡರ್ ಡಬ್ಬಿ, ಒಳಗೆ ಹಸಿ ಪಾಚಿ.

ಹೊಡೆಯಲಿಲ್ಲ. ಕೈ ಹಿಡಿದು ಲೈನಿಗೆ ಕರೆದೊಯ್ದೆ. ಅತ್ತಳು, ಚೋಮಿಯ ಎದುರು ತಪ್ಪಾಯಿತೆಂದಳು. ಚೋಮಿ ಒಲೆಗೆ ಸೌದೆ ನೂಕುತ್ತಲೇ ಇದ್ದಳು. ಅವಳು ಇನ್ನೂ ಶಾಲೆಗೆ ಬಂದಿಲ್ಲ. ಕಮಲನಿಗೆ ಬೈದು ಬರೆಯಬೇಡ. ಈ ಆಟ ಅವಳು ಎಲ್ಲಿ ಕಲಿತಳೋ ಎಂಬುದೊಂದೇ ನನ್ನನ್ನು ಕೊರೆಯುತ್ತಿದೆ.

ತಂಗಮ್ಮನಿಗೆ ನನ್ನ ನೆನಪು ಹೇಳು. ಕಾವೇರಮ್ಮ ನಿಮ್ಮಿಬ್ಬರನ್ನೂ ಕಾಯಲಿ.

ನಿನ್ನ ಅಕ್ಕ,
ನೀಲಾವತಿ

ಮತ್ತೆ ಬರೆದದ್ದು: ಅಂಚೆಯವನು ಗೇಟಿನಲ್ಲೇ ನಿಂತಿದ್ದಾನೆ. ಎಲ್ಲಿ ಕಲಿತಳೆಂದು ಗೊತ್ತಿಲ್ಲದವಳಂತೆ ಮೇಲೆ ಬರೆದೆ, ಗೊತ್ತಿದೆ. ಜಿಗಣೆ ಬಿಡುವಾಗ ಕಮಲ, "ನಿನ್ನ ನೆತ್ತರ್ ಕೆಂಪೋ ಕರಿಯೋ ನೋಡನ" ಅನ್ನುತ್ತಿದ್ದಳಂತೆ. ಹೋದ ವರ್ಷ ಕೈಲ್ ಮುಹೂರ್ತದ ಹಬ್ಬಕ್ಕೆ ರಜೆಯಲ್ಲಿ ಬಂದಿದ್ದಾಗ ಅಂಗಳದಲ್ಲಿ ಕುಟ್ಟಪ್ಪನ ಬೆನ್ನಿಗೆ ಜಿಗಣೆ ಬಿಟ್ಟು ಹೀಗೆಯೇ ಅಂದವನು ನೀನು. ಕಮಲನೂ ಸೇರಿ ಜಗಲಿಯಲ್ಲಿದ್ದವರೆಲ್ಲ ನಕ್ಕರು, ಕುಟ್ಟಪ್ಪನೂ ನಕ್ಕ. ಮೊನ್ನೆ ಅವನು ಹೇಳಿದ್ದು ಇಷ್ಟೇ: "ನಂಗೆ ನಗೋಕೆ ಬರ್ತಿತ್ತು ಅಮ್ಮ, ಅವ್ಳಿಗೆ ಬರಲ್ಲ. ಶಾಲೆ ಬೇಡ." ನನಗೆ ಉತ್ತರ ಬರೆಯುವುದು ಆಮೇಲಾಗಲಿ. ಮೊದಲು ಕುಟ್ಟಪ್ಪನಿಗೆ ಬರೆ. ಅವನಿಗೆ ಓದು ಬಾರದು. ಚೋಮಿ ಓದಿ ಹೇಳುತ್ತಾಳೆ.