ನನ್ನ ಮಗಳಿಗೆ ನಾನಲ್ಲದ ಒಬ್ಬ ಕೋಚ್ ಬೇಕು

ಮಾನ್ಯ ಕ್ರೀಡಾಧಿಕಾರಿಗಳೇ,

ನಮ್ಮೂರಿನ ಹುಡುಗಿಯರ ಕಬಡ್ಡಿ ತಂಡಕ್ಕೆ ತಾವು ನನ್ನನ್ನು ಕೋಚ್ ಮಾಡಿದಿರಿ. ನನ್ನ ದೂರು ಇಷ್ಟೇ: ಮಾಡಬಾರದಿತ್ತು.

ಬಂಗಾರಪೇಟೆ ಸುತ್ತಲಿನ ನಾವು ಕೆಲವು ಪೋಷಕರು ಕೋಚ್ ಬೇಕೆಂದು ತಮ್ಮ ಕಚೇರಿಗೆ ಬಂದಿದ್ದೆವು. "ಸಿಬ್ಬಂದಿ ಇಲ್ಲ. ಪೋಷಕರೇ ತರಬೇತಿ ಕೊಟ್ಟರೆ ಮಕ್ಕಳ ಜೊತೆ ಬಾಂಧವ್ಯ ಬೆಳೆಯುತ್ತೆ" ಎಂದು ತಾವು ಅಪ್ಪಣೆ ಕೊಡಿಸಿದಿರಿ. ನನ್ನ ಕಡೆ ತಿರುಗಿ, "ನೀವಂತೂ ಆಟಗಾರರ ಹಾಗೇ ಇದ್ದೀರಿ" ಎಂದೂ ಸೇರಿಸಿದಿರಿ. ಆ ಮಾತಿಗೆ ಕರಗಿಹೋದೆ. ನಾನು ಹಸು ಸಾಕಿಕೊಂಡು ಡೇರಿಗೆ ಹಾಲು ಹಾಕುವವನು. ಶಾಲೆಯಲ್ಲಿ ಒಮ್ಮೆ ಕಬಡ್ಡಿ ಆಡಿದ್ದುಂಟು, ಆಡಬೇಕಿದ್ದ ಹುಡುಗನಿಗೆ ಜ್ವರ ಬಂದದ್ದರಿಂದ. ಇದನ್ನೆಲ್ಲ ತಾವು ವಿಚಾರಿಸಬಾರದಿತ್ತೇ? ಹಾಲನ್ನಾದರೂ ಡೇರಿಯಲ್ಲಿ ಫ್ಯಾಟ್ ನೋಡಿ ತೆಗೆದುಕೊಳ್ಳುತ್ತಾರೆ, ಸ್ವಾಮಿ!

ಅಲ್ಲಿಂದ ಬರುವಾಗಲೇ ಒಂದು ವಿಷಲ್, ಒಂದು ಟೋಪಿ ಕೊಂಡೆ. ಮೊಬೈಲಿನಲ್ಲಿ ನೋಡಿದ್ದನ್ನು ಸಂಜೆ ಮಕ್ಕಳಿಗೆ ಕಲಿಸತೊಡಗಿದೆ. ನನ್ನ ಮಗಳು ಲಿಖಿತ ತಂಡದಲ್ಲೇ ಚುರುಕಾದ ರೈಡರ್. ಇದು ಅಪ್ಪನ ಮಾತಲ್ಲ, ಮಿಕ್ಕ ಹುಡುಗಿಯರ ಮಾತು. ಆದರೆ ಮಗಳೆಂದು ಮುಂದೆ ಬಿಡುತ್ತಾನೆ ಎಂದು ಯಾರಾದರೂ ಅಂದರೆ? ಈ ಭಯಕ್ಕೆ, ಯಾರು ತಪ್ಪು ಮಾಡಿದರೂ ಬೈಗುಳ ಅವಳಿಗೇ. ಮೈದಾನದಲ್ಲಿ ಅಪ್ಪ ಎನ್ನಬಾರದು, ಸಾರ್ ಎನ್ನಬೇಕೆಂಬ ಕಟ್ಟಪ್ಪಣೆ ಬೇರೆ.

ಊರಿಗಾಂ ಮೈದಾನದಲ್ಲಿ ಆಯ್ಕೆ ಪಂದ್ಯ. ಗೆದ್ದರೆ ಕೋಲಾರದ ಜಿಲ್ಲಾ ಪಂದ್ಯಕ್ಕೆ. ಅಂದು ನನ್ನ ನ್ಯಾಯಪರತೆ ನೆತ್ತಿಗೇರಿ, ಲಿಖಿತಳನ್ನು ಹೊರಗೆ ಕೂರಿಸಿ ಗೆಳೆಯ ಮುನಿರಾಜುವಿನ ಮಗಳು ರೂಪಳನ್ನು ರೈಡಿಗೆ ಕಳಿಸಿದೆ. ರೂಪ ಎದುರಾಳಿಯನ್ನು ಹಿಡಿಯುವುದರಲ್ಲಿ ಗಟ್ಟಿಗಿತ್ತಿ, ರೈಡ್ ಅವಳದಲ್ಲ. ಹೋದಳು, ಸಿಕ್ಕಿಬಿದ್ದಳು. ಮತ್ತೆ ಹೋದಳು, ಮತ್ತೆ ಸಿಕ್ಕಿಬಿದ್ದಳು. ಗೆರೆಯಾಚೆ ಕೂತಿದ್ದ ಲಿಖಿತ, "ಸಾರ್, ಈಗ್ಲಾದ್ರೂ ಕಳ್ಸಿ ಸಾರ್" ಅಂದಳು. ನಾನು ಕೇಳಿಸದವನಂತೆ ಟೋಪಿ ಸರಿಮಾಡಿಕೊಂಡೆ. ಸೋತೆವು.

ಮುನಿರಾಜು ನನ್ನ ದೊಡ್ಡತನವನ್ನು ಹೊಗಳುತ್ತಾನೆಂದು ಕಾದೆ. ಅವನು ಟವೆಲ್ ಕೊಡವುತ್ತ ಬಂದ.

"ಏನ್ಲಾ ಚಲಪತಿ, ಇಂಗಾ ಮಾಡೋದು? ನನ್ ಮಗ್ಳಿಗೆ ರೈಡ್ ಬರಲ್ಲ ಅಂತ ನಂಗೇ ಗೊತ್ತು. ಅಷ್ಟು ಜನದ್ ಮುಂದೆ ಆ ಮಗೀನ ಯಾಕ್ಲಾ ಬೀಳಿಸ್ದೆ? ನಿನ್ ಮಗಳ್ನೂ ಅಳಿಸ್ದೆ, ನನ್ ಮಗಳ್ನೂ ಅಳಿಸ್ದೆ!"

ಎರಡು ಮನೆಯ ಮಕ್ಕಳನ್ನು ಒಟ್ಟಿಗೆ ಅಳಿಸಿದ ಸಾಧಕರಿಗೆ ತಮ್ಮ ಕಚೇರಿಯಲ್ಲಿ ಯಾವುದಾದರೂ ಪ್ರಶಸ್ತಿಯಿದೆಯೇ?

ಮನೆಗೆ ಬಂದ ಮೇಲೂ ಲಿಖಿತ, "ಸಾರ್, ಅಮ್ಮ ಊಟಕ್ಕೆ ಕರೀತವ್ಳೆ" ಎಂದಳು. ನನ್ನ ಹೆಂಡತಿ ಕಲ್ಪನ ನಕ್ಕಳು. ಮಗಳು ನಗಲಿಲ್ಲ. ಮಾರನೆಯ ದಿನ ನಾನು ಹಾಲು ಕರೆಯುತ್ತಿದ್ದಾಗ ಅವಳು ಕೊಟ್ಟಿಗೆಗೆ ಬಂದಳು.

"ನಾನು ಚೆನ್ನಾಗಿ ಆಡಲ್ವಾ?"

"ಎಲ್ಲಾರ್ಗಿಂತ ಚೆನ್ನಾಗಿ ಆಡ್ತೀಯ ಕಣಮ್ಮಾ."

"ಮತ್ತೆ ಯಾಕೆ ಕೂರ್ಸಿದ್ದು?"

"ನೀನು ನನ್ ಮಗ್ಳು ಅಂತ."

"ಅದು ನನ್ ತಪ್ಪಾ?"

ಇದಕ್ಕೆ ತಮ್ಮಲ್ಲಿ ಉತ್ತರವಿದ್ದರೆ ದಯವಿಟ್ಟು ತಿಳಿಸಿ.

ಅಂದೇ ಸಂಜೆ ಹುಡುಗಿಯರೆಲ್ಲರ ಎದುರು ರೂಪಳಿಗೂ ಲಿಖಿತಳಿಗೂ ತಪ್ಪಾಯಿತೆಂದು ಹೇಳಿ ಕೋಚ್ ಕೆಲಸ ಬಿಟ್ಟೆ. ಬೇಡವೆಂದು ಯಾರೂ ತಡೆಯಲಿಲ್ಲ. ಈಗ ಹುಡುಗಿಯರು ತಮ್ಮಷ್ಟಕ್ಕೆ ತಾವೇ ಆಡುತ್ತಿದ್ದಾರೆ. ಲಿಖಿತ ರೈಡಿಗೆ ಬರುತ್ತಾಳೆ, ರೂಪ ಹಿಡಿಯುತ್ತಾಳೆ, ಇಬ್ಬರೂ ಮೈಯೆಲ್ಲ ಮಣ್ಣಾಗಿ ನಗುತ್ತಾರೆ. ಬಾಯಿ ತೆರೆಯಬಾರದೆಂಬ ಷರತ್ತಿನ ಮೇಲೆ ನಾನು ದೂರದಲ್ಲಿ ನಿಂತು ನೋಡಬಹುದು. ಆದರೆ ಅವರ ತಪ್ಪು ತಿದ್ದುವವರಿಲ್ಲ, ಪೆಟ್ಟಾದರೆ ನೋಡುವವರಿಲ್ಲ. ಮೊನ್ನೆ ರೂಪ ಭುಜ ಹಿಡಿದು ಕೂತಾಗ ಅಪ್ಪಂದಿರಾದ ನಮಗೆ ತೋಚಿದ್ದು ಹಸುವಿಗೆ ಹಚ್ಚುವ ಎಣ್ಣೆ ಮಾತ್ರ.

ಆದ್ದರಿಂದ ಮುಂದಿನ ಆಯ್ಕೆಗೆ ಮೊದಲು ಆಟ ಬಲ್ಲ ಒಬ್ಬರನ್ನು ಕಳಿಸಿಕೊಡಿ. ಅವರು ನನ್ನ ಮಗಳನ್ನು ಬೈಯಲಿ, ಓಡಿಸಲಿ, ಬೇಕಾದರೆ ಹೊರಗೂ ಕೂರಿಸಲಿ. ಅವಳ ಆಟ ನೋಡಿ ಕೂರಿಸಲಿ, ಅವಳ ಅಪ್ಪನನ್ನು ನೋಡಿ ಅಲ್ಲ.

ಇಂತಿ,
ತಾವು ನೇಮಿಸಿದ, ಮಗಳು ಮರುಮಾತಿಲ್ಲದೆ ರಾಜೀನಾಮೆ ಅಂಗೀಕರಿಸಿದ
ಮಾಜಿ ಕೋಚ್ ಚಲಪತಿ